ಇಬ್ಬರು ನೋಡುವ ಮೈಕ್ರೋಸ್ಕೋಪು

(ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳನ್ನು ಆಮೇಲೆ ಕೂತು ಬರೆದದ್ದು. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿವರ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಪೆಥಾಲಜಿಯಲ್ಲಿ ಎಂ.ಡಿ. ಮಾಡುತ್ತಿದ್ದ ಕಾಲಕ್ಕೆ ನಮ್ಮ ಲ್ಯಾಬಿನ ಕಿಟಕಿ ಪಕ್ಕ ಎರಡು ತಲೆಯ ಮೈಕ್ರೋಸ್ಕೋಪು ಒಂದಿತ್ತು. ಎದುರುಬದುರು ಕೂತ ಇಬ್ಬರು ಒಂದೇ ಸ್ಲೈಡನ್ನು ಒಂದೇ ಹೊತ್ತಿಗೆ ನೋಡಬಹುದಿತ್ತು. ಒಳಗೊಂದು ಸಣ್ಣ ಬಾಣದ ಗುರುತು. ನಮ್ಮ ಮೇಡಂ ಆ ಬಾಣವನ್ನು ಮೆಲ್ಲಗೆ ಸರಿಸಿ ಒಂದು ಕಣದ ಮೇಲೆ ನಿಲ್ಲಿಸಿ, "ಇದು ಏನು ಹೇಳು" ಅನ್ನುತ್ತಿದ್ದರು.

ರಕ್ತದ ಸ್ಮಿಯರ್ ಮಾಡುವುದನ್ನು ಪುಸ್ತಕದಲ್ಲಿ ಓದಿ ಕಲಿಯಲಾಗುವುದಿಲ್ಲ. ಗಾಜಿನ ಪಟ್ಟಿಯ ಒಂದು ತುದಿಗೆ ಪುಟ್ಟ ಹನಿ ಇಡಬೇಕು. ಇನ್ನೊಂದು ಗಾಜನ್ನು ಓರೆಯಾಗಿ ಹಿಡಿದು ಹನಿಗೆ ತಾಗಿಸಿ, ಹನಿ ಅಂಚಿನುದ್ದಕ್ಕೂ ಹರಿದುಕೊಂಡ ಮೇಲೆ ಒಂದೇ ಎಳೆತಕ್ಕೆ ಮುಂದೆ ತಳ್ಳಬೇಕು. ಕೈ ಹಿಂಜರಿದರೆ ಗೆರೆ ಬೀಳುತ್ತದೆ, ಅವಸರ ಮಾಡಿದರೆ ದಪ್ಪವಾಗುತ್ತದೆ. ಒಣಗಿದ ಮೇಲೆ ಲೀಶ್‌ಮನ್ ಬಣ್ಣ ಹಾಕಿ ಎರಡು ನಿಮಿಷ, ಆಮೇಲೆ ಬಫರ್ ದ್ರವ. ಚೆನ್ನಾಗಿ ಬಂದ ಸ್ಮಿಯರ್ ನಾಲಿಗೆಯ ಹಾಗೆ ತುದಿಗೆ ಬರುತ್ತ ತೆಳುವಾಗುತ್ತದೆ. ಆ ತುದಿಗೆ ನಾವು ಬಾಲ ಅನ್ನುತ್ತೇವೆ. "ಬಾಲದ ಹತ್ತಿರ ಬಾ. ದಪ್ಪ ಇರೋ ಕಡೆ ಎಲ್ಲ ಕಣಗಳೂ ಒಂದರ ಮೇಲೊಂದು ಬಿದ್ದು ಒಂದೇ ಥರ ಕಾಣ್ತವೆ. ಅಲ್ಲಿ ಕಾಯಿಲೆ ಬಚ್ಚಿಟ್ಕೊಳ್ಳತ್ತೆ." ಇದು ಮೇಡಂ ಕಲಿಸಿದ ಮೊದಲ ಪಾಠ. ದಿನಕ್ಕೆ ಇಪ್ಪತ್ತು ನಿಮಿಷ ಅವರು ನನ್ನೆದುರು ಕೂರುತ್ತಿದ್ದರು, ಮೂರು ವರ್ಷ.

ಆ ಇಪ್ಪತ್ತು ನಿಮಿಷದ ಲೆಕ್ಕ ಯಾವ ಬಜೆಟ್ಟಿನಲ್ಲೂ ಇರಲಿಲ್ಲ. ಮೈಕ್ರೋಸ್ಕೋಪಿಗೆ ಬಿಲ್ಲು ಇತ್ತು, ಬಣ್ಣದ ಬಾಟಲಿಗೆ ಬಿಲ್ಲು ಇತ್ತು. ಎದುರಿನ ಕುರ್ಚಿಯಲ್ಲಿ ಕೂತವರ ಹೊತ್ತಿಗೆ ಮಾತ್ರ ಯಾರೂ ದುಡ್ಡು ಕೊಟ್ಟಿರಲಿಲ್ಲ. ಇವತ್ತು ನಾನು ಹೇಳಬೇಕಾದ್ದು ಇದೊಂದೇ: ರಕ್ತದ ಕಾಯಿಲೆಗಳ ಮೇಲೆ ಸಂಶೋಧನೆಗೆ ಇಳಿಯುವ ಎಳೆಯರಿಗೆ ಅನುದಾನ ಕೊಡುವಾಗ, ಅವರ ಗುರುವಿನ ಹೊತ್ತಿಗೂ ದುಡ್ಡು ಇಡಿ.

ಈ ವಿದ್ಯೆಯ ಚರಿತ್ರೆಯೇ ನನ್ನ ಸಾಕ್ಷಿ. 1904ರ ಡಿಸೆಂಬರಿನಲ್ಲಿ ಷಿಕಾಗೋದ ಒಂದು ಆಸ್ಪತ್ರೆಗೆ ಗ್ರೆನಡಾ ದ್ವೀಪದಿಂದ ಹಲ್ಲಿನ ವೈದ್ಯಕೀಯ ಓದಲು ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯಲ್ ಎಂಬ ಇಪ್ಪತ್ತರ ಹುಡುಗ ದಾಖಲಾದ. ಅವನ ರಕ್ತವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಉದ್ದುದ್ದಕ್ಕೆ ಬಾಗಿದ ವಿಚಿತ್ರ ಕಣಗಳನ್ನು ಕಂಡದ್ದು ಅರ್ನೆಸ್ಟ್ ಐರನ್ಸ್ ಎಂಬ ಇಂಟರ್ನಿ. ಅವನ ಮೇಲಿನ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಆ ರೋಗಿಯ ವಿವರ ಪ್ರಕಟಿಸಿದರು. ಕುಡುಗೋಲಿನ ಆಕಾರದ ಕಣಗಳ ಕಾಯಿಲೆ, ನಾವು ಸಿಕಲ್ ಸೆಲ್ ಅನ್ನುವುದು, ಪಾಶ್ಚಾತ್ಯ ವೈದ್ಯ ಸಾಹಿತ್ಯಕ್ಕೆ ಬಂದದ್ದು ಹಾಗೆ. ಲೇಖಕರ ಹೆಸರಿನ ಜಾಗದಲ್ಲಿ ಹೆರಿಕ್ ಒಬ್ಬರೇ ಇದ್ದಾರೆ. ಅಂದಿನ ಪದ್ಧತಿ ಹಾಗಿತ್ತು, ಹೆರಿಕ್ ದೊಡ್ಡ ವೈದ್ಯರು, ಆ ಮಾತಿಗೆ ನನ್ನ ತಕರಾರಿಲ್ಲ. ಆದರೆ ಮೊದಲು ಕಂಡ ಕಣ್ಣು ಕಿರಿಯನದು ಅನ್ನುವುದನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳದೆ ನಾನು ಈ ಪಾಠ ಶುರು ಮಾಡುವುದಿಲ್ಲ.

ಮುಂದಿನ ಕತೆ ಇನ್ನೂ ದೊಡ್ಡದು. ಹಾರ್ವೆ ಇಟಾನೋ ಅಮೆರಿಕದಲ್ಲೇ ಹುಟ್ಟಿದ ಜಪಾನಿ ಮೂಲದ ಹುಡುಗ. 1942ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಅತ್ಯುನ್ನತ ಪದಕ ಅವನಿಗೆ ಬಂತು. ಪದಕ ಕೊಡುವ ದಿನ ಅವನು ವೇದಿಕೆಯಲ್ಲಿರಲಿಲ್ಲ. ಯುದ್ಧದ ಹೆಸರಿನಲ್ಲಿ ಜಪಾನಿ ಮೂಲದವರನ್ನೆಲ್ಲ ಕೂಡಿಹಾಕಿದ್ದರಲ್ಲ, ಅವರ ನಡುವೆ ಇದ್ದ. ಅಲ್ಲಿಂದ ಬಿಡಿಸಿಕೊಂಡು ಸೇಂಟ್ ಲೂಯಿಯಲ್ಲಿ ವೈದ್ಯಕೀಯ ಓದಿ, 1946ರಲ್ಲಿ ಕ್ಯಾಲ್ಟೆಕ್‌ನ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ ಹತ್ತಿರ ಪಿಎಚ್‌.ಡಿ.ಗೆ ಸೇರಿದ. ಈ ಕಾಯಿಲೆಯ ಮೂಲ ಹಿಮೋಗ್ಲೋಬಿನ್ ಅಣುವಿನಲ್ಲೇ ಇರಬೇಕು ಅನ್ನುವ ಊಹೆ ಪಾಲಿಂಗ್ ಅವರದು. ಅದನ್ನು ತೋರಿಸುವ ಕೆಲಸ ಇಟಾನೋದು. ಬೇರೆ ಬೇರೆ ವಿಧಾನ ಹಿಡಿದು ಸೋತ. ಕೊನೆಗೆ ವಿದ್ಯುತ್ ಕ್ಷೇತ್ರದಲ್ಲಿ ಪ್ರೋಟೀನುಗಳು ಎಷ್ಟು ವೇಗವಾಗಿ ಸರಿಯುತ್ತವೆ ಎಂದು ಅಳೆಯುವ ಯಂತ್ರದಲ್ಲಿ ಆರೋಗ್ಯವಂತರ ಹಿಮೋಗ್ಲೋಬಿನ್ನೂ ರೋಗಿಗಳದೂ ಬೇರೆಬೇರೆಯಾಗಿ ಓಡಿದವು. ಅಷ್ಟು ಹೊತ್ತಿಗೆ ಮೂರು ವರ್ಷ ಕಳೆದಿತ್ತು. 1949ರ ಪ್ರಬಂಧದಲ್ಲಿ ಪಾಲಿಂಗ್ ನಂತರ ಎರಡನೇ ಹೆಸರು ಇಟಾನೋದು. 'ಅಣುವಿನ ಕಾಯಿಲೆ' ಎಂಬ ಪರಿಕಲ್ಪನೆ ಜಗತ್ತಿಗೆ ಸಿಕ್ಕಿದ್ದು ಅಲ್ಲಿಂದ.

ಆ ಮೂರು ವರ್ಷದಲ್ಲಿ ಅವನಿಗೆ ಯಂತ್ರವೂ ಇತ್ತು, ಸೋತಾಗ "ಇನ್ನೊಂದು ದಾರಿ ನೋಡೋಣ" ಅನ್ನುವ ಹಿರಿಯರೂ ಇದ್ದರು, ಸೋಲಲು ಬೇಕಾದ ಬಿಡುವೂ ಇತ್ತು. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಪ್ರಬಂಧ ಹುಟ್ಟುತ್ತಿರಲಿಲ್ಲ.

ಇದೆಲ್ಲ ದೂರದ ಊರಿನ ಮಾತು ಅನ್ನಿಸಿದರೆ ನಮ್ಮ ದೇಶಕ್ಕೇ ಬರೋಣ. 1911ರಲ್ಲಿ ಇಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಶುರುವಾಯಿತು. 1949ರಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಎಂದು ಹೆಸರು ಬದಲಾದದ್ದು ಅದೇ. ಆ ಸಂಸ್ಥೆಯ ದುಡ್ಡಿನಲ್ಲಿ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರು ಒಂದು ಬಗೆಯ ರಕ್ತಹೀನತೆಯಿಂದ ಸಾಯುತ್ತಿದ್ದರು. ವಿಲ್ಸ್ ಅವರ ಊಟ ನೋಡಿದರು, ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರು, ಕೊನೆಗೆ ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಲ್ಲಿ ಮದ್ದು ಇದೆ ಎಂದು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದದ್ದು ಫೋಲೇಟ್ ಎಂಬ ಜೀವಸತ್ವ, ಮಾತ್ರೆಯಲ್ಲಿ ಫೋಲಿಕ್ ಆಮ್ಲ ಅನ್ನುವುದು. ಈಗ ಬಸುರಿಯರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ. ಅದೇ ಫೋಲಿಕ್ ಆಮ್ಲದ ಬೆನ್ನು ಹತ್ತಿದವರು ಅಮೆರಿಕದ ಲೆಡರ್ಲಿ ಔಷಧಿ ಕಂಪನಿಯಲ್ಲಿದ್ದ ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಮತ್ತು ಅವರ ತಂಡ. ಅಲ್ಲಿ ತಯಾರಾದ ಫೋಲೇಟ್ ವಿರೋಧಿ ಔಷಧಿಯನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಆಗಿದ್ದ 16 ಮಕ್ಕಳಿಗೆ ಕೊಟ್ಟರು. ಹತ್ತು ಮಕ್ಕಳಲ್ಲಿ ಕಾಯಿಲೆ ಕೆಲ ಕಾಲ ಹಿಮ್ಮೆಟ್ಟಿತು. ಅದು ಪ್ರಕಟವಾದದ್ದು 1948ರಲ್ಲಿ. ಗಿರಣಿಯ ಹೆಂಗಸರಿಗಾಗಿ ಕೊಟ್ಟ ಅನುದಾನದ ಫಲ ಇಪ್ಪತ್ತು ವರ್ಷದಲ್ಲಿ ಎಲ್ಲಿಂದೆಲ್ಲಿಗೆ ಹೋಯಿತು ನೋಡಿ.

ಇನ್ನೊಂದು ಕತೆಗೆ ಬೆಂಗಳೂರಿನ ಮಣ್ಣಿನ ವಾಸನೆಯೇ ಇದೆ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಎಚ್‌.ಜೆ. ಭಾಭಾ ಅವರ ಮಗಳು ಮೆಹರ್‌ಬಾಯಿ. ಬಾಲ್ಯ ಬೆಂಗಳೂರು, ಮೈಸೂರುಗಳಲ್ಲೇ ಕಳೆಯಿತು. 1898ರಲ್ಲಿ ದೊರಾಬ್ಜಿ ಟಾಟಾ ಅವರನ್ನು ಮದುವೆಯಾದರು. ನಮ್ಮ ಟಾಟಾ ಇನ್‌ಸ್ಟಿಟ್ಯೂಟನ್ನು, ಅಂದರೆ ಐಐಎಸ್‌ಸಿಯನ್ನು, ಕನಸಿದ ಜೆಮ್‌ಷೆಡ್‌ಜಿ ಅವರ ಸೊಸೆಯಾದರು. 1931ರಲ್ಲಿ ಮೆಹರ್‌ಬಾಯಿ ಲುಕೇಮಿಯಾದಿಂದ, ಅಂದರೆ ರಕ್ತ ಕ್ಯಾನ್ಸರಿನಿಂದ, ತೀರಿಕೊಂಡರು. ಆ ಕಾಲಕ್ಕೆ ಲುಕೇಮಿಯಾಗೆ ಮದ್ದೇ ಇರಲಿಲ್ಲ. ಹೆಂಡತಿಯ ನೆನಪಿಗೆ ದೊರಾಬ್ಜಿ 1932ರಲ್ಲಿ ಲೇಡಿ ಟಾಟಾ ಸ್ಮಾರಕ ಟ್ರಸ್ಟ್ ಮಾಡಿದರು, ಅದೇ ವರ್ಷ ಅವರೂ ಹೋದರು. ಆ ಟ್ರಸ್ಟಿನ ಆದಾಯದ ಹೆಚ್ಚಿನ ಪಾಲು ಇವತ್ತಿಗೂ ಹೋಗುವುದು ಲುಕೇಮಿಯಾ ಸಂಶೋಧನೆಗೆ. ಅದೂ ಯಾವ ದೇಶದವರಾದರೂ ಸರಿ, ಹೆಚ್ಚಾಗಿ ಎಳೆಯ ಸಂಶೋಧಕರಿಗೆ. ದೇಶ ಇನ್ನೂ ಗುಲಾಮಗಿರಿಯಲ್ಲಿದ್ದಾಗ ಒಬ್ಬ ಭಾರತೀಯ ತನ್ನ ದುಃಖವನ್ನು ಇಡೀ ಲೋಕದ ಎಳೆಯ ವಿಜ್ಞಾನಿಗಳಿಗೆ ಅನುದಾನವಾಗಿ ಬರೆದಿಟ್ಟ. ಈ ಊರಿನಲ್ಲಿ ಆಡಿ ಬೆಳೆದ ಒಬ್ಬ ಹೆಣ್ಣುಮಗಳ ಹೆಸರಿನಲ್ಲಿ. ನಮ್ಮಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಈಗ ಇವತ್ತಿನ ಮಾತು. ರಕ್ತರೋಗ ತಜ್ಞರಾಗಬೇಕಾದರೆ ಎಂಬಿಬಿಎಸ್ ಐದೂವರೆ ವರ್ಷ, ಎಂ.ಡಿ. ಮೂರು, ಡಿ.ಎಂ. ಹೆಮಟಾಲಜಿ ಇನ್ನೂ ಮೂರು. ಹೊರಬರುವ ಹೊತ್ತಿಗೆ ಮೂವತ್ತು ದಾಟಿರುತ್ತದೆ, ಮನೆಯಲ್ಲಿ ಮಗು ಇರುತ್ತದೆ, ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ, ಕಾರ್ಪೊರೇಟ್ ಆಸ್ಪತ್ರೆಯವರು ಕೈ ತುಂಬ ಸಂಬಳ ಹಿಡಿದು ಕಾಯುತ್ತಿರುತ್ತಾರೆ. ಅಂಥವರಿಗೆ "ಐದು ವರ್ಷ ಸಂಶೋಧನೆ ಮಾಡಪ್ಪ" ಅನ್ನಬೇಕಾದರೆ ಕೈಯಲ್ಲಿ ಏನಾದರೂ ಇಡಬೇಕು. ಲ್ಯಾಬಿನ ಕಡೆಯಿಂದ ಬರುವವರ ಪಾಡು ಬೇರೆ. ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೋಗೆ, 2023ರಿಂದ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ. ಮೊದಲಿಗಿಂತ ವಾಸಿ. ಯಶವಂತಪುರದಲ್ಲೋ ಹೆಬ್ಬಾಳದಲ್ಲೋ ಪಿಜಿಯಲ್ಲಿದ್ದುಕೊಂಡು ಅಷ್ಟರಲ್ಲಿ ಬದುಕಬಹುದು, ದುಡ್ಡು ಪ್ರತಿ ತಿಂಗಳು ಬಂದರೆ.

ಬರುವುದಿಲ್ಲ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಸಂಸ್ಥೆ, ಯಾರ ಅನುದಾನ ಅನ್ನುವುದು ಇಲ್ಲಿ ಬೇಡ. ಥಲಸ್ಸೀಮಿಯಾ, ಅಂದರೆ ಮೈ ಸಾಕಷ್ಟು ಹಿಮೋಗ್ಲೋಬಿನ್ ಮಾಡಿಕೊಳ್ಳಲಾರದ ಹುಟ್ಟುಕಾಯಿಲೆ, ಇರುವ ಮಕ್ಕಳ ಮೇಲೆ ನನ್ನದೊಂದು ಯೋಜನೆ ಇತ್ತು. ಆ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ರಕ್ತ ಕೊಡಬೇಕು. ರಾಯಚೂರು, ಕಲಬುರಗಿ ಕಡೆಯಿಂದ ರಾತ್ರಿ ರೈಲಿಗೆ ಬಂದು, ಬೆಳಗ್ಗೆ ಮಗುವಿನ ಕೈಗೆ ಸೂಜಿ ಚುಚ್ಚಿಸಿ, ಸಂಜೆ ರೈಲಿಗೆ ವಾಪಸ್ ಹೋಗುವ ತಾಯಂದಿರು ನಮಗೆ ಎರಡು ಮಿಲಿ ಹೆಚ್ಚುವರಿ ರಕ್ತ ಕೊಡಲು ಒಪ್ಪಿದ್ದರು. "ನಮ್ ಹುಡುಗಂಗಲ್ಲಾಂದ್ರೂ ಮುಂದಿನವ್ರಿಗಾದ್ರೂ ಉಪಯೋಗಾಗ್ಲಿ ತಗೋರಿ" ಅಂದಿದ್ದರು ಒಬ್ಬರು. ಎರಡನೇ ವರ್ಷದ ಕಂತು ಬರಲಿಲ್ಲ. ದುಡ್ಡು ಬಳಸಿದ್ದಕ್ಕೆ ಕೊಡುವ ಪ್ರಮಾಣಪತ್ರವನ್ನು, ಯು.ಸಿ. ಅನ್ನುವುದನ್ನು, ಕಳಿಸಿದೆವು, ಒಂದು ಸಹಿ ಕಡಿಮೆ ಎಂದು ವಾಪಸ್ ಬಂತು. ಮತ್ತೆ ಕಳಿಸಿದೆವು, ಮಾರ್ಚ್ 31 ದಾಟಿತ್ತು. ಜೆಆರ್‌ಎಫ್ ಹುಡುಗಿ ಏಳು ತಿಂಗಳು ಸಂಬಳವಿಲ್ಲದೆ ಬಂದಳು, ಆಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಕೆಲಸಕ್ಕೆ ಹೋದಳು. ನಾನು ತಡೆಯಲಿಲ್ಲ, ತಡೆಯುವ ಮುಖವೂ ಇರಲಿಲ್ಲ. ರಕ್ತದ ಮಾದರಿ ಇಟ್ಟಿದ್ದ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನ ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ ದುಡ್ಡಿರಲಿಲ್ಲ. ಒಂದು ಶನಿವಾರ ರಾತ್ರಿ ಕಂಪ್ರೆಸರ್ ನಿಂತಿತು. ಸೋಮವಾರ ಬೆಳಗ್ಗೆ ಬಾಗಿಲು ತೆಗೆದರೆ ಹಿಮವೆಲ್ಲ ಕರಗಿ ನೀರು ನೆಲಕ್ಕೆ ಹರಿದಿತ್ತು. ನೂರಕ್ಕೂ ಹೆಚ್ಚು ಮಕ್ಕಳ ಮಾದರಿ ಹೋಯಿತು. ಆ ತಾಯಂದಿರು ಮುಂದಿನ ಸಲ ಬಂದಾಗ ನಾನು ಅವರಿಗೆ ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಂತ ಎಲ್ಲ ಕಡೆಯೂ ಕತ್ತಲೆಯಿಲ್ಲ. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್ಕಮ್ ಟ್ರಸ್ಟ್ ಕೂಡಿ ನಡೆಸುವ ಇಂಡಿಯಾ ಅಲಯನ್ಸ್ ಎಳೆಯರಿಗೆ ಐದು ವರ್ಷದ ಫೆಲೋಶಿಪ್ ಕೊಡುತ್ತ ಬಂದಿದೆ. ವೈದ್ಯರಿಗೇ ಪ್ರತ್ಯೇಕ ದಾರಿ ಮಾಡಿದೆ. ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರದ ಎಸ್‌ಇಆರ್‌ಬಿ ಮಂಡಳಿಯ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ಹೊಸ ಅಧ್ಯಾಪಕರಿಗೆ ಮೂರು ವರ್ಷಕ್ಕೆ 60 ಲಕ್ಷದವರೆಗೆ ಕೊಡುವ ಯೋಜನೆ ತಂದಿದೆ. ಹೊರದೇಶದ ಕಡೆ ನೋಡಿದರೆ, 1958ರಲ್ಲಿ ಹುಟ್ಟಿದ ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿ ತನ್ನ ದೇಶದಾಚೆಯ ಕಿರಿಯರಿಗೂ ಜಾಗತಿಕ ಸಂಶೋಧನಾ ಪುರಸ್ಕಾರ ಇಟ್ಟಿದೆ. ನಮ್ಮಂಥ ದೇಶಗಳ ವೈದ್ಯರು ದೊಡ್ಡ ಕೇಂದ್ರವೊಂದರಲ್ಲಿ ಹನ್ನೆರಡು ವಾರದವರೆಗೆ ಇದ್ದು ಕೈಕೆಲಸ ಕಲಿತು ಬರುವ ವ್ಯವಸ್ಥೆಯನ್ನೂ ಮಾಡಿದೆ. ಯುರೋಪಿಯನ್ ಹೆಮಟಾಲಜಿ ಅಸೋಸಿಯೇಷನ್ ಜೊತೆ ಸೇರಿ ಅದು ನಡೆಸುವ ತರಬೇತಿ ನನಗೆ ಎಲ್ಲಕ್ಕಿಂತ ಇಷ್ಟ. ಇಪ್ಪತ್ತರ ಆಸುಪಾಸು ಮಂದಿ ಎಳೆಯರನ್ನು ಆರಿಸಿ ಒಂದು ವಾರ ಹಿರಿಯರ ಜೊತೆ ಕೂರಿಸುತ್ತಾರೆ, ಆಮೇಲೆ ಅದೇ ಗುಂಪು ಅದೇ ವರ್ಷ ಮತ್ತೆ ಸೇರುತ್ತದೆ. ಯೋಜನೆಯನ್ನು ಹಿರಿಯರು ಎಳೆ ಎಳೆಯಾಗಿ ಬಿಡಿಸಿ ನೋಡುತ್ತಾರೆ. ಒಂದು ಸಲ ಬಂದು ಭಾಷಣ ಮಾಡಿ ಹೋಗುವ ಹಿರಿಯರಿಂದ ಆಗದ ಕೆಲಸ ಅದು.

ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿತ್ತು. ಅಲ್ಲಿ ಕಿರಿಯ ವೈದ್ಯ ಸಂಶೋಧಕರಿಗೆ ಕೆ08, ಕೆ23 ಎಂಬ ಅನುದಾನಗಳಿವೆ. ಅದು ಸಿಕ್ಕವರ ಕೆಲಸದ ಹೊತ್ತಿನಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಸಂಶೋಧನೆಗೇ ಮೀಸಲು ಎಂದು ಆಸ್ಪತ್ರೆ ಬರೆದುಕೊಡಬೇಕು. ಓಪಿಡಿಯಲ್ಲಿ ಜನ ಜಾಸ್ತಿ ಇದ್ದಾರೆ ಬನ್ನಿ ಎಂದು ಕರೆಯುವ ಹಾಗಿಲ್ಲ. ಕೆ24 ಎಂಬ ಇನ್ನೊಂದನ್ನು ರೂಪಿಸಿದ್ದು ನಡುವಯಸ್ಸಿನ ಸಂಶೋಧಕರಿಗೆ, ಅವರು ತಮ್ಮ ಸಂಶೋಧನೆಯ ಜೊತೆ ಕಿರಿಯರಿಗೆ ಗೈಡ್ ಆಗಲು ಹೊತ್ತು ಸಿಗಲಿ ಎಂದು. ನಮ್ಮ ಮೇಡಂ ಅವರ ಇಪ್ಪತ್ತು ನಿಮಿಷಕ್ಕೆ ಒಂದು ಅಂಕಣ! ಇಲ್ಲಿ ನಾನು ಈವರೆಗೆ ತುಂಬಿದ ಯಾವ ಅರ್ಜಿಯಲ್ಲೂ ಅಂಥ ಅಂಕಣ ಕಂಡಿಲ್ಲ. ಉಪಕರಣ, ರಾಸಾಯನಿಕ, ಪ್ರಯಾಣ, ಸಿಬ್ಬಂದಿ, ಇತರೆ. ಗುರು 'ಇತರೆ'ಯಲ್ಲೂ ಬರುವುದಿಲ್ಲ.

ದುಡ್ಡು, ಗುರು ಕೂಡಿ ಬಂದರೆ ಏನಾಗುತ್ತದೆ ಅನ್ನುವುದನ್ನು ಟಾಂಜಾನಿಯಾದಲ್ಲಿ ನೋಡಬಹುದು. ಜೂಲಿ ಮಕಾನಿ ಎಂಬ ವೈದ್ಯೆಗೆ 2003ರಲ್ಲಿ ವೆಲ್ಕಮ್ ಟ್ರಸ್ಟಿನ ತರಬೇತಿ ಫೆಲೋಶಿಪ್ ಸಿಕ್ಕಿತು. ಅವರು ಆಕ್ಸ್‌ಫರ್ಡಿನ ಮಾರ್ಗದರ್ಶನ ಇಟ್ಟುಕೊಂಡು, ಕೆಲಸ ಮಾತ್ರ ದಾರ್-ಎಸ್-ಸಲಾಮಿನ ಮುಹಿಂಬಿಲಿ ಆಸ್ಪತ್ರೆಯಲ್ಲೇ ಹೂಡಿದರು. ಮರುವರ್ಷದಿಂದ ಸಿಕಲ್ ಸೆಲ್ ರೋಗಿಗಳ ಹೆಸರು ಬರೆದುಕೊಳ್ಳುತ್ತ, ವರ್ಷ ವರ್ಷ ಅವರನ್ನು ಹಿಂಬಾಲಿಸುತ್ತ ಹೋದರು. ಅದು ಸಾವಿರಾರು ರೋಗಿಗಳ ದಾಖಲೆಯಾಗಿ ಬೆಳೆಯಿತು. ಯಾರು ಯಾವಾಗ ಯಾಕೆ ಸಾಯುತ್ತಾರೆ ಎಂಬ ಮೊದಲ ಗಟ್ಟಿ ಉತ್ತರಗಳು ಆಫ್ರಿಕಾದ ನೆಲದಿಂದಲೇ ಬಂದವು. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲೇ ಇದ್ದ ಪ್ರಶ್ನೆ ಅದು. ಹಿಡಿಯಲು ಒಬ್ಬರಿಗೆ ಬಿಡುವು ಬೇಕಿತ್ತು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಐದು ಲಕ್ಷ ಶಿಶುಗಳು ಸಿಕಲ್ ಸೆಲ್ ಕಾಯಿಲೆ ಹೊತ್ತು ಹುಟ್ಟುತ್ತವೆ. ಮುಕ್ಕಾಲು ಪಾಲಿಗೂ ಹೆಚ್ಚು ಸಹಾರಾದ ತೆಂಕಣ ಆಫ್ರಿಕಾದಲ್ಲಿ. ಭಾರತದ್ದೂ ಸಣ್ಣ ಪಾಲಲ್ಲ. ಇಲ್ಲಿ ಅದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಇದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆ ನಿರ್ಮೂಲನೆಗೆ ಅಭಿಯಾನ ಶುರು ಮಾಡಿತು, ಏಳು ಕೋಟಿ ಜನರ ತಪಾಸಣೆಯ ಗುರಿ ಇಟ್ಟಿತು. ಒಳ್ಳೆಯ ಕೆಲಸ. ತಪಾಸಣೆಯಲ್ಲಿ ಸಿಕ್ಕ ಮಗುವಿನ ಮುಂದಿನ ಇಪ್ಪತ್ತು ವರ್ಷವನ್ನು ಯಾರು ನೋಡುತ್ತಾರೆ? ನಮ್ಮ ಕಾಡಿನಂಚಿನ ಮಕ್ಕಳಲ್ಲಿ ಈ ಕಾಯಿಲೆ ಹೇಗೆ ನಡೆದುಕೊಳ್ಳುತ್ತದೆ, ಹೈಡ್ರಾಕ್ಸಿಯೂರಿಯಾ ಎಂಬ ಮದ್ದು ಎಷ್ಟು ಕೊಟ್ಟರೆ ಸಾಕು, ಯಾರಿಗೆ ಯಾಕೆ ನೋವು ಹೆಚ್ಚು? ಇದಕ್ಕೆ ಅಲ್ಲೇ ಇರುವ, ಆ ಭಾಷೆ ಬಲ್ಲ ಕಿರಿಯ ವೈದ್ಯರು ಬೇಕು. 2023ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ, ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಜೀನ್ ತಿದ್ದುವ ಚಿಕಿತ್ಸೆಯ ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್. ಅದು ಚಾಮರಾಜನಗರಕ್ಕೆ ಹಾಗೇ ಬರುವುದಿಲ್ಲ, ನಾವೇ ಮಾಡಿಕೊಳ್ಳಬೇಕು.

ಮಾಡಿಕೊಳ್ಳಲಾಗದ್ದೇನೂ ಅಲ್ಲ. ವೆಲ್ಲೂರಿನ ಸಿಎಂಸಿಯಲ್ಲಿ ದೇಶದ ಮೊದಲ ಅಸ್ಥಿಮಜ್ಜೆ ಕಸಿಗಳಲ್ಲೊಂದು 1986ರಲ್ಲಿ ಆಯಿತು. ಅಲ್ಲಿ ಕಲಿತವರು, ಅವರ ಹತ್ತಿರ ಕಲಿತವರು ಅದೇ ಆವರಣದಲ್ಲಿ ಉಳಿದರು. ಅಲ್ಲಿ ಸ್ಟೆಮ್ ಸೆಲ್ ಸಂಶೋಧನಾ ಕೇಂದ್ರ ಬಂತು, ಆಮೇಲೆ ಅದು ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನ ಘಟಕವಾಯಿತು. 2024ರ ಡಿಸೆಂಬರಿನಲ್ಲಿ ಅಲ್ಲಿನವರು ತೀವ್ರ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ, ಇದ್ದ ಐದು ಮಂದಿಗೆ ಕೊಟ್ಟ ಜೀನ್ ಚಿಕಿತ್ಸೆಯ ಫಲಿತಾಂಶ ಪ್ರಕಟಿಸಿದರು. ಐದು ಮಂದಿಯ ಹಿಂದೆ ಸುಮಾರು ನಲವತ್ತು ವರ್ಷದ ಗುರುಶಿಷ್ಯ ಸರಣಿ ಇದೆ. ಮೂರು ವರ್ಷದ ಅನುದಾನಗಳ ಭಾಷೆಯಲ್ಲಿ ಅದನ್ನು ಬರೆಯಲಾಗುವುದಿಲ್ಲ.

ಹೊರಗಿನ ದುಡ್ಡನ್ನೇ ನೆಚ್ಚಿಕೊಳ್ಳುವುದು ಸಲ್ಲದು ಅನ್ನುವುದೂ ಈಗ ಗೊತ್ತಾಗಿದೆ. 2025ರ ಮೇಯಲ್ಲಿ ಎನ್‌ಐಎಚ್ ಹೊರದೇಶದ ಸಹ-ಸಂಶೋಧಕರಿಗೆ ಹಂಚಿಕೆಯಾಗುತ್ತಿದ್ದ ಉಪ-ಅನುದಾನದ ಪದ್ಧತಿಯನ್ನೇ ನಿಲ್ಲಿಸಿತು. ಹಾಗಾಗಿ ನನ್ನ ಬೇಡಿಕೆ ಈ ಊರಿನ ಮುಂದೆಯೇ. ಐಐಎಸ್‌ಸಿ, ಎನ್‌ಸಿಬಿಎಸ್, ಇನ್‌ಸ್ಟೆಮ್‌ನಂಥ ಸಂಶೋಧನಾ ಸಂಸ್ಥೆಗಳು, ಸೇಂಟ್ ಜಾನ್ಸ್, ಕಿದ್ವಾಯಿಯಂಥ ಆಸ್ಪತ್ರೆಗಳು, ಎಲ್ಲ ಈ ಒಂದೇ ಊರಿನಲ್ಲಿವೆ. ದುಡ್ಡಿರುವ ಕಂಪನಿಗಳೂ ಇಲ್ಲೇ ಇವೆ. ರಕ್ತದ ಕಾಯಿಲೆಗಳಿಗೇ ಮೀಸಲಾದ ಐದು ವರ್ಷದ ಫೆಲೋಶಿಪ್ ಒಂದನ್ನು ಇಲ್ಲಿ ಹುಟ್ಟುಹಾಕಬಹುದು. ಅದರಲ್ಲಿ ಒಂದು ಪಾಲು ಗುರುವಿನ ಹೊತ್ತಿಗೆ, ಸಂಸ್ಥೆಗೆ ನೇರ ಪಾವತಿಯಾಗಲಿ. ವಾರಕ್ಕೆ ನಾಲ್ಕು ಗಂಟೆ ಎಂದು ಬರೆದೇ ಬಿಡಲಿ. ಕಂತು ತಡವಾದಾಗ ಕಿರಿಯರ ಸಂಬಳ ನಿಲ್ಲದ ಹಾಗೆ ಒಂದಿಷ್ಟು ಇಡುಗಂಟು ಪಕ್ಕದಲ್ಲಿರಲಿ. ಫ್ರೀಜರಿನ ನಿರ್ವಹಣೆಗೂ ಇರಲಿ, ಅದನ್ನು ಮಾತ್ರ ನಾನು ಮರೆಯುವುದಿಲ್ಲ. ಬೆಂಗಳೂರಿನವರಿಗಷ್ಟೇ ಅಂತ ಬೇಲಿ ಹಾಕುವುದು ಬೇಡ, ಉಗಾಂಡದ ಕಂಪಾಲಾದವರೂ ದಾರ್-ಎಸ್-ಸಲಾಮಿನವರೂ ಬರಲಿ. ದೊರಾಬ್ಜಿ ಬೇಲಿ ಹಾಕಿರಲಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು "ಇಷ್ಟೆಲ್ಲ ಕಲಿಸಿದ ಮೇಲೆ ಹುಡುಗರು ಅಮೆರಿಕಕ್ಕೆ ಹಾರಿದರೆ?" ಎಂದರು. ಕೆಲವರು ಹೋಗುತ್ತಾರೆ. ವಾಪಸ್ ಬರಲು ಇಲ್ಲೊಂದು ಕುರ್ಚಿ ಇದ್ದರೆ ಅವರಲ್ಲಿ ಒಂದಷ್ಟು ಜನ ಬರುತ್ತಾರೆ, ನಾನೇ ನೋಡಿದ್ದೇನೆ.

ಕೊಳ್ಳೇಗಾಲದ ಕಡೆಯ ಹೌಸ್ ಸರ್ಜನ್ ಹುಡುಗನೊಬ್ಬ ಹಿಂದಿನ ಸಾಲಿನಿಂದ ಎದ್ದು, "ಸಿಕಲ್ ಸೆಲ್ ಮೇಲೆ ಕೆಲಸ ಮಾಡೋ ಆಸೆ ಇದೆ. ಮೊದಲು ದುಡ್ಡು ಹುಡುಕಲಾ, ಗೈಡ್ ಹುಡುಕಲಾ?" ಎಂದು ಕೇಳಿದ. ಗೈಡ್ ಅಂದೆ. ಹೇಗೆ ಹುಡುಕುವುದು ಎಂದ. ನಿನ್ನ ಪಿಎಚ್‌ಸಿಯಲ್ಲಿ ಕಂಡ ಒಬ್ಬ ರೋಗಿಯ ಬಗ್ಗೆ ನಿನಗೆ ಅರ್ಥವಾಗದ ಒಂದೇ ಒಂದು ಪ್ರಶ್ನೆ ಬರೆ, ಒಂದು ಪುಟ ದಾಟಬೇಡ, ಹೆಸರು ಊರು ಅಳಿಸಿ ಸ್ಮಿಯರ್‌ನ ಬಾಲದ ಕಡೆಯ ಫೋಟೋ ಒಂದನ್ನು ಜೊತೆಗಿಡು, ಐದು ಜನಕ್ಕೆ ಬೇರೆ ಬೇರೆಯಾಗಿ ಕಳಿಸು, ಎರಡು ವಾರ ಬಿಟ್ಟು ಇನ್ನೊಂದು ಸಲ ಕಳಿಸು ಎಂದೆ. ಅವನು ಬರೆದುಕೊಂಡ. ಆಮೇಲೆ ತಲೆಯೆತ್ತಿ, "ಅದರಲ್ಲಿ ಮೊದಲನೇದು ನಿಮಗೇ ಕಳಿಸಲಾ?" ಅಂದ.